ಕಿವಿಯ ಬುಡದ ಗಂಟು ಮತ್ತು ಜೊಲ್ಲುಗ್ರಂಥಿಯ ಶಸ್ತ್ರಕ್ರಿಯೆ

ಕೊಯ್ಲಿನ ಕಾಲಕ್ಕೆ ಬಯಲುಸೀಮೆಯಿಂದ, ದೂರದ ಆಲಮಟ್ಟಿ-ಬಸವನಬಾಗೇವಾಡಿ ಕಡೆಯಿಂದಲೂ, ಜನ ಕೆಲಸಕ್ಕಾಗಿ ಮಲೆನಾಡಿನ ತೋಟಗಳಿಗೆ ಬರುವುದುಂಟು. ಅವರಲ್ಲಾಗಲಿ ನಮ್ಮ ಮನೆಯವರಲ್ಲಾಗಲಿ ಕಿವಿಯ ಬುಡದಲ್ಲಿ ಅಡಿಕೆ ಗಾತ್ರದ ಗಂಟು ಕಂಡರೆ, ನೋವಿಲ್ಲವಲ್ಲ, ಇರಲಿ ಎಂದು ಬಿಟ್ಟುಬಿಡುತ್ತೇವೆ. ಮಂಗನಬಾವಾದರೆ ನೋಯುತ್ತದೆ, ಜ್ವರ ತರುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಗಡ್ಡೆ ಹಾಗಲ್ಲ. ನೋವಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ಸುಣ್ಣ ಹಚ್ಚಿದರೂ ಬರೆ ಹಾಕಿದರೂ ಕರಗುವುದಿಲ್ಲ.

ದೊಡ್ಡ ಜೊಲ್ಲುಗ್ರಂಥಿಗಳು ಮೂರು ಜೋಡಿ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ಗಡ್ಡೆಗಳಲ್ಲಿ ಹೆಚ್ಚಿನವು ಕಿವಿಯ ಮುಂದಿನ ಗ್ರಂಥಿಯಲ್ಲೇ ಹುಟ್ಟುತ್ತವೆ. ಅಲ್ಲಿಯ 10ರಲ್ಲಿ ಸುಮಾರು 8 ಕ್ಯಾನ್ಸರ್ ಅಲ್ಲ. ಹಾಗಾದರೆ ತೆಗೆಸುವುದೇಕೆ? ಅವುಗಳಲ್ಲಿ ಕೆಲವು ಬಹುಕಾಲ ಬಿಟ್ಟರೆ ಕ್ಯಾನ್ಸರಿಗೆ ತಿರುಗುತ್ತವೆ. ಗಂಟು ದೊಡ್ಡದಾದಷ್ಟೂ ಶಸ್ತ್ರಕ್ರಿಯೆ ಕಠಿಣವಾಗುತ್ತದೆ.

ಜನರಿಗಿರುವ ಭಯ ಮುಖ ಸೊಟ್ಟಗಾದೀತೆಂಬುದು. ಈ ಭಯಕ್ಕೆ ಆಧಾರವಿದೆ. ಮುಖದ ನರ ಈ ಗ್ರಂಥಿಯ ಒಳಗಿಂದಲೇ ಹಾದು ಐದು ಕವಲಾಗಿ ಹರಡುತ್ತದೆ. ಕಣ್ಣು ಮುಚ್ಚುವುದು, ನಗುವುದು, ಕುಡಿದ ನೀರು ಬಾಯಿಂದ ಸುರಿಯದಿರುವುದು ಎಲ್ಲವೂ ಅದರ ಕೆಲಸ. ಆದುದರಿಂದ ನುರಿತ ವೈದ್ಯರು ಮೊದಲು ನರವನ್ನು ಹುಡುಕಿ ಬಿಡಿಸಿಕೊಂಡು, ಅನಂತರ ಗಂಟನ್ನು ಸುತ್ತಲಿನ ಗ್ರಂಥಿಯ ಭಾಗದೊಡನೆ ತೆಗೆಯುತ್ತಾರೆ. ಸಿಪ್ಪೆಯೊಳಗಿನ ಕಾಯಿಯನ್ನಷ್ಟೇ ಬಿಡಿಸಿದಂತೆ ಗಂಟನ್ನು ಮಾತ್ರ ಕಿತ್ತರೆ, ಉಳಿದ ಚೂರುಗಳಿಂದ ಮುಂದೆ ಒಂದರ ಬದಲು ಹಲವು ಗಂಟು ಏಳಬಹುದು. ಎರಡನೆಯ ಸಲ ನರ ಉಳಿಸುವುದು ಇನ್ನೂ ಕಷ್ಟ. ಸಣ್ಣ ಗಂಟೆಂದು ಎಲ್ಲೋ ಒಂದು ಕಡೆ ಕೊಯ್ಯಿಸಿಕೊಳ್ಳಬಾರದೆಂದು ನಾವು ಹೇಳುವುದು ಇದಕ್ಕೇ.

ನರ ಉಳಿದರೂ ಕೆಲವರಿಗೆ ಕೆಲವು ವಾರ, ತಿಂಗಳು ಮುಖದ ಬಲ ಕಡಿಮೆಯಿರುತ್ತದೆ, ಸಾಮಾನ್ಯವಾಗಿ ಮರಳುತ್ತದೆ. ಕಿವಿಯ ಹಾಲೆ ಜೋಮು ಹಿಡಿದಂತಿರಬಹುದು. ಊಟ ಮಾಡುವಾಗ ಆ ಕೆನ್ನೆ ಬೆವರುವುದೂ ಉಂಟು, ಗಾಬರಿ ಬೇಡ. ಉಳಿದ ಗ್ರಂಥಿಗಳಿರುವುದರಿಂದ ಬಾಯಿ ಒಣಗುವುದಿಲ್ಲ. ಕ್ಯಾನ್ಸರಾಗಿದ್ದರೆ ಮಾತು ಬೇರೆ: ರೋಗ ನರಕ್ಕೆ ಹಬ್ಬಿದ್ದರೆ ಅದನ್ನೂ ತೆಗೆಯಬೇಕಾದೀತು, ಬಳಿಕ ವಿಕಿರಣ ಚಿಕಿತ್ಸೆಯೂ ಬೇಕಾದೀತು.

ಅಡಿಕೆ ಬೆಳೆಯುವ ನಮಗೆ ಒಂದು ಪ್ರಶ್ನೆ ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅದು ಮುಖ್ಯವಾಗಿ ಬಾಯಿಯ ಕ್ಯಾನ್ಸರಿನ ಮಾತು. ಈ ಗ್ರಂಥಿಯ ಗಡ್ಡೆಗೆ ಎಲೆಯಡಿಕೆಯೇ ಕಾರಣವೆಂದು ಸಾಬೀತಾಗಿಲ್ಲ. ತಂಬಾಕು ಅಗಿಯುತ್ತಿದ್ದ ಅಮೆರಿಕದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ಈ ಗ್ರಂಥಿಯ ಕ್ಯಾನ್ಸರಿನಿಂದ 2014ರಲ್ಲಿ ತೀರಿಕೊಂಡರು. ತಂಬಾಕೇ ಕಾರಣವೆಂದು ಅವರು ನಂಬಿದ್ದರು. ಆ ನಂಬಿಕೆಗೂ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೆ ಬಾಯೊಳಗೆ ಮಾಯದ ಹುಣ್ಣಿದ್ದವರು ಇದನ್ನೇ ಸಮಾಧಾನವೆಂದು ತಿಳಿಯಬಾರದು.

ಗಂಟು ಕಂಡವರು ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ ಮಾಡಿಸಿಕೊಳ್ಳಲಿ. ಆಲಮಟ್ಟಿ ಕಡೆಯವರಿಗೆ ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಗದಗ ಮಾರ್ಗವಾಗಿ ಹುಬ್ಬಳ್ಳಿಗೂ ಹೋಗಬಹುದು. ಕ್ಯಾನ್ಸರಿನ ಸಂಶಯವಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಗಂಟು ಬೇಗ ಬೆಳೆದರೆ, ನೋವು ಶುರುವಾದರೆ, ಅಥವಾ ಶಸ್ತ್ರಕ್ರಿಯೆಗೆ ಮೊದಲೇ ಮುಖ ಒಂದು ಕಡೆಗೆ ವಾಲಿದರೆ, ಕೊಯ್ಲು ಮುಗಿಯಲೆಂದು ಕಾಯಬೇಡಿ. ತೆಗೆದ ಗಂಟಿನ ಪರೀಕ್ಷಾ ವರದಿಯನ್ನು ತೋಟದ ಪಹಣಿಯೊಡನೆ ಜೋಪಾನವಾಗಿಡಿ. ವರ್ಷಗಳ ನಂತರವೂ ವೈದ್ಯರು ಮೊದಲು ಕೇಳುವುದು ಅದನ್ನೇ.