ಹೋರಿ ಎತ್ತಾಗುವ ಮಾತು

ತರಗತಿಯಲ್ಲಿ ವಿರಾಟಪರ್ವದ ಕಥೆ ಹೇಳುವಾಗ ಬೃಹನ್ನಳೆಯ ಪ್ರಸಂಗ ಬಂದೊಡನೆ ಹಿಂದಿನ ಬೆಂಚುಗಳಿಂದ ಒಂದು ನಗೆ ಹೊರಡುವುದು ವಾಡಿಕೆ. ‘ಷಂಡ’ ಶಬ್ದದ ಅರ್ಥ ಎಲ್ಲರಿಗೂ ಗೊತ್ತು. ಕೇಳಿದರೆ ಯಾರೂ ಹೇಳರು. ಕೆಲವು ವರ್ಷಗಳ ಹಿಂದೆ ಹೀಗೆಯೇ ತರಗತಿ ನಗುತ್ತಿದ್ದಾಗ, ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯ ಒಕ್ಕಲುಮಗನೊಬ್ಬ ಎದ್ದುನಿಂತು, “ನಮ್ಮೂರಲ್ಲಿ ಹೋರಿ ಒಡೆಸ್ತಾರಲ್ಲ ಸಾರ್, ಅದೇ” ಎಂದ. ನಗೆ ನಿಂತಿತು. ಅವನ ಉತ್ತರ ಪೂರ್ತಿ ಸರಿಯಾಗಿರಲಿಲ್ಲ. ಅರ್ಜುನನದು ಊರ್ವಶಿಯ ಶಾಪ, ಮನುಷ್ಯರ ಕೈಗೆಲಸವಲ್ಲ. ಆದರೂ ನಾಚಿಕೆಯಿಲ್ಲದೆ ಆಡಿದ ಆ ಮಾತು ನನಗೆ ಪಾಠವಾಯಿತು. ನಿಘಂಟು ತಡವರಿಸುವ ಕಡೆ ಕೊಟ್ಟಿಗೆ ಸ್ಪಷ್ಟವಾಗಿ ಮಾತನಾಡುತ್ತದೆ.

ಧರ್ಮಪುರ ಮಳೆ ಕಡಮೆಯ ಸೀಮೆ. ದೊಡ್ಡ ಕೆರೆಯೊಂದು ಊರಿನ ಆಸೆ. ಗಡಿಯಾಚೆ ಸಮೀಪದಲ್ಲೇ ನೊಳಂಬರ ಹೇಮಾವತಿ. ಕನ್ನಡ ತೆಲುಗುಗಳೆರಡೂ ಸಂತೆಯಲ್ಲಿ ಹೆಗಲು ತಾಗಿಸಿ ನಡೆಯುವ ಊರು. ನಾವು ‘ಎತ್ತು’ ಎಂದರೆ ತೆಲುಗರು ‘ಎದ್ದು’ ಎನ್ನುವರು, ತಮಿಳರು ‘ಎರುದು’ ಎನ್ನುವರು. ಹೋರಿಯನ್ನು ಎತ್ತು ಮಾಡುವ ಕೆಲಸಕ್ಕೂ ಈ ಸೋದರ ಭಾಷೆಗಳು ಒಂದೇ ಅಚ್ಚಿನ ಮಾತು ಹೂಡಿವೆ. ಕನ್ನಡಿಗ ‘ಬೀಜ ಒಡೆಯುತ್ತಾನೆ’. ತೆಲುಗರದು ‘ವಿತ್ತು ಕೊಟ್ಟುವುದು’. ತಮಿಳರದು ‘ಕಾಯ್ ಅಡಿಪ್ಪದು’. ಬೀಜವೋ ಕಾಯೋ, ಅದನ್ನು ಹೊಡೆಯುವುದೋ ಒಡೆಯುವುದೋ! ಆಂಗ್ಲರ ‘ಕ್ಯಾಸ್ಟ್ರೇಷನ್’ ಲ್ಯಾಟಿನ್ ಮೂಲದ್ದು. ಅದರ ಹಿಂದೆ ಕೊಯ್ಯುವ ಅರ್ಥವಿದೆಯೆನ್ನುವರು. ಒಂದು ನುಡಿಯಲ್ಲಿ ಕತ್ತಿಯ ನೆನಪು, ಇನ್ನೊಂದರಲ್ಲಿ ಕೊಡತಿಯ ನೆನಪು. ಇಂದು ಪಶುವೈದ್ಯರ ಕೈಯಲ್ಲಿರುವುದು ಇಟಲಿಯ ಬರ್ಡಿಜೋವಿನ ಹೆಸರು ಹೊತ್ತ ಇಕ್ಕುಳ. ಚರ್ಮ ಹರಿಯದೆ, ರಕ್ತ ಸುರಿಯದೆ, ಬೀಜಕ್ಕೆ ಹೋಗುವ ನರಹುರಿ ಮಾತ್ರ ಒಳಗೇ ಜಜ್ಜಿಹೋಗುತ್ತದೆ. ಬೀಜವನ್ನು ಯಾರೂ ಒಡೆಯುವುದಿಲ್ಲ. ಮಾತು ಮಾತ್ರ ‘ಒಡೆಸುವುದು’ ಎಂದೇ ಉಳಿದಿದೆ. ಕೆಲವೆಡೆ ‘ಕಸಿ ಮಾಡಿಸುವುದು’ ಎಂಬ ಮಾತೂ ಉಂಟು. ಅರಬ್ಬಿಯ ‘ಖಸೀ’, ಹಿಂದಿಯ ‘ಖಸ್ಸೀ’ಗಳನ್ನು ಅದು ನೆನಪಿಗೆ ತರುತ್ತದೆ. ತೋಟಗಾರನ ಕಸಿಯಿಂದ ಹೊಸ ಚಿಗುರು ಬಂದರೆ ಗೋವಳನ ಕಸಿಯಿಂದ ಸಂತಾನ ನಿಲ್ಲುತ್ತದೆ. ಉಚ್ಚಾರಣೆ ಒಂದೇ, ಫಲ ಬೇರೆ.

ನಮ್ಮ ರೈತನ ಶಬ್ದಭಂಡಾರದಲ್ಲಿ ಗಂಡುಕರು ಬೆಳೆದು ಹೋರಿ, ಒಡೆಸಿದರೆ ಎತ್ತು, ಒಡೆಸದೆ ಬಲಿತರೆ ಗೂಳಿ, ದೇವರ ಹೆಸರಿನಲ್ಲಿ ಬಿಟ್ಟರೆ ಬಸವ. ಇವುಗಳಲ್ಲಿ ಯಾವುದೂ ಬೈಗುಳವಲ್ಲ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ’ ಎಂಬ ಗಾದೆಯಲ್ಲಿ ಕೂಡ ನಗೆಪಾಟಲಿಗೀಡಾಗುವವನು ವಿಚಾರಿಸದೆ ನಂಬಿದ ಮನುಷ್ಯ, ಎತ್ತಲ್ಲ. ‘ಬಸವ’ ಸಂಸ್ಕೃತದ ‘ವೃಷಭ’ದ ತದ್ಭವ. ‘ವೃಷಭ’, ‘ವೃಷಣ’, ‘ವೃಷ್ಟಿ’ ಮೂರೂ ಸುರಿಸುವ ಅರ್ಥದ ಒಂದೇ ಧಾತುವಿನ ಮಕ್ಕಳು. ಮೋಡ ನೋಡಿ ಬದುಕುವ ಸೀಮೆಯಲ್ಲಿ ಮಳೆಗೂ ಗೂಳಿಗೂ ಇರುವ ಈ ನಂಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

‘ಷಂಡ’ ಶಬ್ದದ ಗತಿ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ನಪುಂಸಕನೆಂಬ ಅರ್ಥದೊಂದಿಗೆ ಸ್ವೇಚ್ಛೆಯಾಗಿ ಬಿಟ್ಟ ಗೂಳಿಯೆಂಬ ಅರ್ಥವೂ ಇತ್ತು. ಹಿಂದಿಯ ‘ಸಾಂಡ್’ ಇಂದಿಗೂ ಗೂಳಿಯೇ. ಕನ್ನಡದಲ್ಲಿ ಮಾತ್ರ ಅದು ಕೈಲಾಗದವನನ್ನು ಹಳಿಯುವ ಮಾತಾಯಿತು. ಚರಿತ್ರೆ ಈ ಬೈಗುಳವನ್ನು ಒಪ್ಪುವುದಿಲ್ಲ. 1311ರಲ್ಲಿ ದೋರಸಮುದ್ರದ ಹೊಯ್ಸಳರನ್ನು ಮಣಿಸಿದ ದಂಡನಾಯಕ ಮಲಿಕ್ ಕಾಫೂರ್ ಒಬ್ಬ ಖೋಜಾ. ಬೈಗುಳ ಬಾಯಲ್ಲೇ ಉಳಿಯುವುದಿಲ್ಲ, ಕಾಯಿದೆಯನ್ನೂ ಹೊಗುತ್ತದೆ. ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿದ 36ಎ ಕಲಮು ‘ನಪುಂಸಕ’ರೆಂಬ ಅರ್ಥದ ಆಂಗ್ಲ ಪದವನ್ನೇ ಬಳಸಿ ಒಂದು ಸಮುದಾಯವನ್ನು ಪೂರ್ತಿಯಾಗಿ ಶಂಕೆಗೆ ಒಡ್ಡಿತ್ತು, ಆಕ್ಷೇಪ ಬಂದ ಬಳಿಕ ಆ ಪದ ಹೋಯಿತು. ನಡುವೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ತೃತೀಯ ಲಿಂಗಿಗಳೆಂದು ಗೌರವದಿಂದ ಕರೆಯಿತು.

ಇದೆಲ್ಲ ಬರಿಯ ಶಬ್ದವಿಲಾಸವೆಂದು ವಾಚಕರು ಭಾವಿಸಬಾರದು. ನನ್ನ ಬಂಧುವರ್ಗದ ಒಂದು ಮನೆಯಲ್ಲಿ ಮೂರನೆಯ ಹೆರಿಗೆಯಾದ ಮೇಲೆ ಹೆಂಡತಿಯ ದೇಹ ಬಹಳ ಸೊರಗಿತ್ತು. ಗಂಡನೇ ಚಿಕ್ಕದೊಂದು ಚಿಕಿತ್ಸೆ ಮಾಡಿಸಿಕೊಳ್ಳಲೆಂದು ವೈದ್ಯರು ಹೇಳಿದರು. ಅವನು ಒಪ್ಪಲಿಲ್ಲ. “ನನ್ನನ್ನೇನು ಎತ್ತು ಮಾಡಬೇಕೆಂದಿದ್ದೀರಾ?” ಎಂದು ಗದರಿ ಹೊರನಡೆದ. ಕೊನೆಗೆ ಶಸ್ತ್ರಕ್ಕೆ ಮೈಯೊಡ್ಡಿದವಳು ಅವಳೇ; ಬಹುಕಾಲ ನರಳಿದಳು. ಆ ಮನುಷ್ಯ ಕ್ರೂರಿಯಲ್ಲ. ಅವನನ್ನು ತಪ್ಪುದಾರಿಗೆ ಎಳೆದದ್ದು ಒಂದು ಮಾತಿನ ಗೊಂದಲ.

ಹೋರಿಗೆ ಮಾಡುವುದೂ ಗಂಡಸಿಗೆ ಮಾಡುವುದೂ ಒಂದೇ ಅಲ್ಲ. ಹೋರಿಯಲ್ಲಿ ಬೀಜವೇ ಬತ್ತಿಹೋಗುತ್ತದೆ; ಅಲ್ಲಿ ಹುಟ್ಟಿ ರಕ್ತಕ್ಕೆ ಸೇರುವ ಗಂಡುರಸವೂ ನಿಲ್ಲುತ್ತದೆ; ಅದರಿಂದಲೇ ಗುಟುರು ಅಡಗಿ ಹೆಗಲು ನೊಗಕ್ಕೆ ಒಗ್ಗುತ್ತದೆ. ಗಂಡಸಿನ ‘ವ್ಯಾಸೆಕ್ಟಮಿ’ಯಲ್ಲಿ ರೇತಸ್ಸನ್ನು ಒಯ್ಯುವ ಸಣ್ಣ ನಾಳವನ್ನು ಮಾತ್ರ ಕತ್ತರಿಸಿ ಕಟ್ಟುವರು, ಬೀಜ ಉಳಿಯುತ್ತದೆ, ಗಂಡುರಸ ಉಳಿಯುತ್ತದೆ, ಗಂಡಸುತನವೂ ಉಳಿಯುತ್ತದೆ. ಆದರೆ ನಮ್ಮ ಪ್ರಕಟಣೆಗಳ ಕನ್ನಡ ಬೀದಿಯ ಗಂಡುನಾಯಿಯ ವೃಷಣ ತೆಗೆಯುವುದಕ್ಕೂ ಮನುಷ್ಯನ ನಾಳ ಕಟ್ಟುವುದಕ್ಕೂ ‘ಸಂತಾನಶಕ್ತಿ ಹರಣ’ವೆಂಬ ಒಂದೇ ಹೆಸರಿಟ್ಟಿದೆ. ‘ಹರಣ’ವೆಂದರೆ ಕಸಿದುಕೊಳ್ಳುವುದು, ಹೆಸರು ಕೇಳಿಯೇ ಹಳ್ಳಿಗನ ಎದೆ ನಡುಗಿದರೆ ಅವನದೇನು ತಪ್ಪು? 1975–77ರ ತುರ್ತುಪರಿಸ್ಥಿತಿಯ ಬಲಾತ್ಕಾರ ಆ ನಡುಕಕ್ಕೆ ನೆನಪಿನ ಬಲವನ್ನೂ ಕೊಟ್ಟಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಹೆರುವ ವಯಸ್ಸಿನ ವಿವಾಹಿತೆಯರಲ್ಲಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನೂರಕ್ಕೆ 37.9, ಗಂಡಂದಿರು ಮಾಡಿಸಿಕೊಂಡದ್ದು ನೂರಕ್ಕೆ 0.3. ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು 1930ರಲ್ಲೇ ತೆರೆದ ಮೈಸೂರು ಸಂಸ್ಥಾನದ ವಾರಸುದಾರರು ನಾವು! ಚಿಕಿತ್ಸಾಲಯ ಕಟ್ಟಿದೆವು, ಮಾತು ಕಟ್ಟಲಿಲ್ಲ.

ಹೆಸರು ಬದಲಾದ ಮಾತ್ರಕ್ಕೆ ಗಂಡಸಿನ ಅಳುಕೆಲ್ಲ ನೀಗೀತೆಂದು ನಾನು ಹೇಳಲಾರೆ. ಆದರೂ ಕನ್ನಡದ ಮೇಷ್ಟರು ಮಾಡಬಹುದಾದ ಒಂದು ಕೆಲಸವುಂಟು. ಹೋರಿಗೆ ‘ಒಡೆಸುವುದು’ ಇರಲಿ. ಮನುಷ್ಯನಿಗೆ ‘ನಾಳ ಕಟ್ಟುವುದು’ ಎನ್ನೋಣ. ‘ಷಂಡ’ ಕಾವ್ಯದ ಅರ್ಥಕೋಶದಲ್ಲಿರಲಿ, ನಾಲಗೆಯ ಮೇಲೆ ಬೇಡ. ಈಗ ಬೃಹನ್ನಳೆಯ ಪಾಠ ಬಂದಾಗ ನಾನು ನಗೆ ನಿಲ್ಲುವವರೆಗೆ ಕಾದು, ಧರ್ಮಪುರದ ಹುಡುಗನ ಉತ್ತರವನ್ನೇ ಮೊದಲು ಹೇಳುತ್ತೇನೆ. ಅದು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ಆಮೇಲೆ ಬಿಡಿಸುತ್ತೇನೆ.