ಸೈಕಲ್ಲಿಗೊಂದು ಪಥ, ಆರೋಗ್ಯಕ್ಕೊಂದು ಪಥ್ಯ

ಆಯುರ್ವೇದವು ವ್ಯಾಯಾಮವನ್ನು ದಿನಚರ್ಯೆಯ ಅಂಗವೆಂದು ಪರಿಗಣಿಸಿದೆ. ತನ್ನ ಬಲದ ಅರ್ಧದಷ್ಟನ್ನು ಮಾತ್ರ ಅದಕ್ಕೆ ವಿನಿಯೋಗಿಸಬೇಕೆಂಬುದು ಶಾಸ್ತ್ರದ ನಿಯಮ; ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅದೇ ಮಿತಿ. ಹದವರಿತು ಸೈಕಲ್ ತುಳಿಯುವುದು ಈ ಅರ್ಧಶಕ್ತಿ ವ್ಯಾಯಾಮಕ್ಕೆ ತಕ್ಕ ಸಾಧನ. ಮೊಣಕಾಲಿನ ಮೇಲೆ ದೇಹದ ಪೂರ್ಣ ಭಾರ ಬೀಳದು. ಕಾಯಕಕ್ಕೆ ಹೋಗುವ ದಾರಿಯೇ ವ್ಯಾಯಾಮವಾಗುವುದರಿಂದ ಪ್ರತ್ಯೇಕ ಸಮಯವೂ ಬೇಡ. ಮಧುಮೇಹ, ಸ್ಥೌಲ್ಯಗಳಿಂದ ಬಳಲುವವರಿಗೆ ನಾವು ಇದನ್ನು ಸೂಚಿಸಿದಾಗ ಅವರು ಕೇಳುವುದು ಒಂದೇ ಪ್ರಶ್ನೆ: “ಲಾರಿ, ಬಸ್ಸುಗಳ ನಡುವೆ ಎಲ್ಲಿ ತುಳಿಯೋಣ, ಡಾಕ್ಟರೇ?” ಪ್ರಶ್ನೆ ನ್ಯಾಯವಾದುದು. ಪಥ್ಯವಿಲ್ಲದ ಔಷಧದಂತೆ ದಾರಿಯಿಲ್ಲದ ಸಲಹೆಯೂ ನಿಷ್ಫಲ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಇದಕ್ಕೆ ಕಂಡುಕೊಂಡ ಉತ್ತರ ಗಮನಾರ್ಹವಾದುದು. ಅಲ್ಲಿನ ಮುಖ್ಯ ರಸ್ತೆಗಳ ಇಕ್ಕೆಲಗಳಲ್ಲಿರುವ ಸೈಕಲ್ ಪಥವು ಬರಿಯ ಬಣ್ಣದ ಗೆರೆಯಲ್ಲ. ಅದು ವಾಹನಗಳ ರಸ್ತೆಗಿಂತ ತುಸು ಎತ್ತರದಲ್ಲಿದೆ, ಕಾಲುದಾರಿಗಿಂತ ತುಸು ತಗ್ಗಿನಲ್ಲಿದೆ. ಒಬ್ಬರು ಇನ್ನೊಬ್ಬರನ್ನು ದಾಟಿ ಮುಂದೆ ಹೋಗಲು ಸಾಲುವಂತೆ 2 ಮೀಟರಿಗೂ ಮಿಗಿಲಾದ ಅಗಲವನ್ನು ಇರಿಸುತ್ತಾರೆ. ಕಾರು ನಿಲ್ಲಿಸುವ ಸ್ಥಳವು ಪಥದ ಹೊರಗೆ, ಓಡುವ ವಾಹನಗಳ ಕಡೆಗಿರುತ್ತದೆ. ಹೀಗೆ ನಿಂತ ಕಾರುಗಳೇ ಸವಾರನಿಗೆ ತಡೆಗೋಡೆಯಾಗುತ್ತವೆ.

ಕೂಡುರಸ್ತೆಯಲ್ಲಿ ಅಪಾಯ ಹೆಚ್ಚು. ತಿರುಗುವ ಲಾರಿಯ ಚಾಲಕನಿಗೆ ಪಕ್ಕದ ಸೈಕಲ್ ಕಾಣದು. ಆದುದರಿಂದ ಅಲ್ಲಿ ಪಥಕ್ಕೆ ನೀಲಿ ಬಣ್ಣ ಬಳಿದು, ಮೋಟಾರು ವಾಹನಗಳು ನಿಲ್ಲುವ ಗೆರೆಯನ್ನು ಸೈಕಲ್ಲಿನವರ ಗೆರೆಗಿಂತ 5 ಮೀಟರ್ ಹಿಂದಕ್ಕೆ ಸರಿಸಿರುತ್ತಾರೆ. ಮುಂದೆ ನಿಂತ ಸವಾರನು ಚಾಲಕನ ಕಣ್ಣಿಗೆ ಬೀಳುತ್ತಾನೆ. ನೋರೆಬ್ರೋಗೇಡ್ ಎಂಬ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿಯುವವರಿಗೆ ಸಾಲುಸಾಲಾಗಿ ಹಸಿರು ದೀಪ ದೊರೆಯುವಂತೆಯೂ ಅಳವಡಿಸಿದ್ದಾರೆ.

ರಸ್ತೆ ಕಿರಿದಾದಲ್ಲಿ ಏನು ಮಾಡಬೇಕು? ನೆದರ್‌ಲ್ಯಾಂಡ್ಸಿನ ವಸತಿ ಬೀದಿಗಳಲ್ಲಿ ಪಥವನ್ನು ಬೇರ್ಪಡಿಸುವುದಿಲ್ಲ. ವಾಹನಗಳ ವೇಗವನ್ನೇ ಗಂಟೆಗೆ 30 ಕಿ.ಮೀ.ಗೆ ಇಳಿಸಿ ಎಲ್ಲರಿಗೂ ಒಂದೇ ರಸ್ತೆಯನ್ನು ಇರಿಸುತ್ತಾರೆ. ವೇಗ ಹೆಚ್ಚಿದ್ದಲ್ಲಿ ಪ್ರತ್ಯೇಕತೆ, ಕಡಿಮೆಯಿದ್ದಲ್ಲಿ ಸಹಬಾಳ್ವೆ: ಇದೇ ಮೂಲತತ್ತ್ವ.

ನಮ್ಮಲ್ಲಿಯೂ 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಗೂಟಗಳನ್ನು ನೆಟ್ಟು ಸೈಕಲ್ ಪಥವನ್ನು ರೂಪಿಸಲಾಯಿತು. ಆದರೆ ದ್ವಿಚಕ್ರ ವಾಹನಗಳು ಅದರೊಳಗೆ ನುಗ್ಗಿದವು. ಪಥವನ್ನು ಸರ್ಕಾರ ಹಾಕಬಹುದು. ಅದನ್ನು ಪಥವಾಗಿ ಉಳಿಸುವವರು ನಾವೇ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆ ಆರಂಭವಾಯಿತು. ಮಕ್ಕಳ ಕೈಗೆ ಸೈಕಲ್ ಕೊಟ್ಟ ಸಮಾಜವು ಅವರು ನಿರ್ಭಯವಾಗಿ ಸಾಗುವ ದಾರಿಯನ್ನೂ ಕೊಡಬೇಡವೇ?

ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ. ಜಾತ್ರೆಗಾಗಲಿ ದಾಸೋಹಕ್ಕಾಗಲಿ ಬರುವಾಗ ರಸ್ತೆಯ ಎಡ ಅಂಚಿನಲ್ಲಿ, ಸೈಕಲ್ ಸಾಗುವಲ್ಲಿ, ವಾಹನ ನಿಲ್ಲಿಸದಿರಿ. ಕಾರಿನ ಎಡಬಾಗಿಲನ್ನು ಬಲಗೈಯಿಂದ, ಬಲಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ಹೊರಳಿ, ಹಿಂದೆ ಬರುವ ಸವಾರನು ಕಾಣುತ್ತಾನೆ. ನಿಮ್ಮ ಗ್ರಾಮಸಭೆ, ವಾರ್ಡ್ ಸಭೆಗಳಲ್ಲಿ ಶಾಲೆಯ ದಾರಿಗೆ ಸೈಕಲ್ ಪಥವನ್ನೋ ವೇಗಮಿತಿಯನ್ನೋ ಕೇಳಿರಿ. ದಾರಿ ಸುರಕ್ಷಿತವಾದರೆ ನಾವು ಬರೆದುಕೊಡುವ ಔಷಧದ ಚೀಟಿಯೂ ಚಿಕ್ಕದಾದೀತು.