ತಡವಾಗಿ ಹಸಿರಾಗುವ ಕೊಡೆ

ಅಬುಧಾಬಿಯ ಓದುಗರೊಬ್ಬರು ಚಿತ್ರ ಕಳಿಸಿ ಕೇಳಿದ್ದಾರೆ: "ಮನೆ ಪಕ್ಕದ ಪಾರ್ಕಿನ ಹುಲ್ಲಿನಲ್ಲಿ ತಟ್ಟೆಯಗಲದ ಬಿಳಿ ಅಣಬೆ ಎದ್ದಿವೆ. ನಮ್ಮ ಉಡುಪಿ ಕಡೆಯ ಹುತ್ತದ ಅಣಬೆಯ ಹಾಗೇ ಕಾಣುತ್ತವೆ. ಬೆಳ್ಳಿ ನಾಣ್ಯ ಹಾಕಿ ಕುದಿಸಿ ನೋಡಿದೆ, ಕಪ್ಪಾಗಲಿಲ್ಲ. ಸುಕ್ಕ ಮಾಡಬಹುದೇ?"

ಬೇಡ ಅಮ್ಮಾ, ಖಂಡಿತ ಬೇಡ.

ಮರಳುಗಾಡಿನಲ್ಲಿ ಅಣಬೆಯೇ ಎಂದು ಊರಿನವರು ಬೆರಗಾಗಬಹುದು. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಕಾಣುವ ನಾಡಿದು. 2024ರ ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನಕ್ಕೂ ಕಡಿಮೆ ಹೊತ್ತಿನಲ್ಲಿ 254.8 ಮಿಲಿಮೀಟರ್ ಸುರಿದದ್ದು ದಾಖಲೆ. ಮಳೆಯಾದ ಚಳಿಗಾಲಗಳಲ್ಲಿ ಮರಳಿನಡಿ ಫಗಾ ಎಂಬ ನೆಲದ ಗಡ್ಡೆಯಣಬೆ ಊದಿಕೊಳ್ಳುತ್ತದೆ. ಗುಡುಗಿದರೆ ಅಣಬೆ ಏಳುತ್ತದೆ ಎಂದು ನನ್ನಜ್ಜಿ ಹೇಳುತ್ತಿದ್ದರು. ಫಗಾ ಬಗ್ಗೆ ಅರಬರೂ ಅದನ್ನೇ ಹೇಳುತ್ತಾರೆಂದು ತಿಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ಪಾರ್ಕಿನ ಅಣಬೆಗೆ ಗುಡುಗೂ ಬೇಡ, ಮಳೆಯೂ ಬೇಡ. ದಿನವೂ ಚಿಮ್ಮುವ ಸಂಸ್ಕರಿಸಿದ ನೀರು, ಹುಲ್ಲಿನಡಿಯ ಗೊಬ್ಬರ, ಮೇಲಿನ ಸೆಕೆ ಇದ್ದರೆ ಸಾಕು.

ಚಿತ್ರದಲ್ಲಿರುವುದು, ಕಂದು ಚಕ್ಕೆಗಳ ಟೋಪಿ ಮತ್ತು ಕಾಂಡದ ಮೇಲಿನ ಉಂಗುರ ನೋಡಿದರೆ, ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಬಿಸಿ ನಾಡುಗಳ ಹುಲ್ಲುಹಾಸೇ ಅದರ ಮನೆ. ಬೆಂಗಳೂರಿನಲ್ಲೂ ಇದನ್ನು ನೋಡಿದ್ದೇನೆ. ಇದರ ಸೋಜಿಗ ಇರುವುದು ಟೋಪಿಯ ಅಡಿಯಲ್ಲಿ. ಎಳೆಯದರಲ್ಲಿ ಅಲ್ಲಿನ ತೆಳು ಪದರಗಳು ಹಾಲಿನಷ್ಟು ಬಿಳಿ. ಬಲಿತಂತೆ ಪಾಚಿಯ ಮಸುಕು ಹಸಿರು ಏರುತ್ತದೆ. ಎಲೆಯಲ್ಲಿರುವ ಹಸಿರು ಬಣ್ಣ ಅಣಬೆಗಿಲ್ಲ. ಇದು ಅದರ ಬೀಜಾಣುಗಳ ಬಣ್ಣ. ಹೀಗೆ ಹಸಿರು ಬೀಜಾಣು ಉದುರಿಸುವ ದೊಡ್ಡ ಅಣಬೆಗಳು ಜಗತ್ತಿನಲ್ಲೇ ವಿರಳ. ತೊಂದರೆಯೇನೆಂದರೆ, ಅಡುಗೆಯವರಿಗೆ ಬೇಕಾದದ್ದು ಎಳೆಯದು. ಆಗಿನ್ನೂ ಹಸಿರು ಮೂಡಿರುವುದಿಲ್ಲ. ಗುರುತು ಬರುವಷ್ಟರಲ್ಲಿ ಅದು ಬಾಣಲೆ ಸೇರಿರುತ್ತದೆ.

ನಮ್ಮ ಕರಾವಳಿಯವರಿಗೆ, ಅಣಬೆಗೆ ಲಾಂಬು ಎನ್ನುವ ತುಳುವರಿಗೆ, ಅದರ ಅರಿವು ಕಡಿಮೆಯೇನಲ್ಲ. ಆದರೆ ಆ ಅರಿವು ಅಣಬೆಯ ಆಕಾರಕ್ಕಿಂತ ಜಾಗಕ್ಕೆ ಅಂಟಿಕೊಂಡದ್ದು: ಆಟಿ ತಿಂಗಳು, ಇಂಥ ಗುಡ್ಡ, ಇಂಥದೇ ಹುತ್ತ. ಹುತ್ತದ ಅಣಬೆಯನ್ನು ಕಿತ್ತರೆ ಗೆದ್ದಲಿನ ಗೂಡಿನತ್ತ ಇಳಿದ ಉದ್ದನೆಯ ಬೇರಿನಂಥ ಬಾಲ ಸಿಗುತ್ತದೆ. ಪಾರ್ಕಿನದಕ್ಕೆ ಬಾಲವಿಲ್ಲ, ಬುಡ ತುಸು ದಪ್ಪ, ಅಷ್ಟೇ.

ಇನ್ನು ಬೆಳ್ಳಿ ನಾಣ್ಯ. ಈ ನಂಬಿಕೆ ಜನರನ್ನು ಕೊಂದಿದೆ, ಅದಕ್ಕೇ ಸಿಟ್ಟು ಬರುತ್ತದೆ. ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ. ಬೇಯಿಸಿದ ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ. ಅಣಬೆಯ ವಿಷವನ್ನು ಅದು ಹಿಡಿದುಕೊಡುವುದಿಲ್ಲ. ಹುಳ ತಿಂದದ್ದನ್ನು ನಾವೂ ತಿನ್ನಬಹುದೆಂಬುದೂ ಸುಳ್ಳು. ಯಕೃತ್ತನ್ನೇ ಕೊಲ್ಲುವ ಅಮಾನಿಟಾ ಜಾತಿಯ ಅಣಬೆಗಳಲ್ಲಿ ಕೆಲವು ನೊಣಗಳ ಮರಿಗಳು ಹಾಯಾಗಿ ಬೆಳೆಯುತ್ತವೆ.

ಹಸಿರು ಕೊಡೆ ತಿಂದವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಬೇಯಿಸಿ ತಿಂದವರೂ ಆಸ್ಪತ್ರೆ ಸೇರಿದ್ದಾರೆ. ಸಾವು ವಿರಳವಾದರೂ ಮಕ್ಕಳ ಮೈಯ ನೀರು ಬೇಗ ಬತ್ತುತ್ತದೆ. ಆರು ಗಂಟೆಯ ಮೇಲೆ ವಾಂತಿ ಶುರುವಾದರೆ ಇನ್ನೂ ಭಯಪಡಬೇಕು. ಅಮಾನಿಟಾದ ವಿಷ ನಿಧಾನಿ. ನಡುವೆ ಒಂದು ದಿನ ರೋಗಿ ಚೇತರಿಸಿಕೊಂಡಂತೆ ಕಂಡು, ಆಮೇಲೆ ಯಕೃತ್ತು ಕೈಕೊಡುತ್ತದೆ. ಯಾವುದೇ ಇರಲಿ, ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಚಿತ್ರ ಕಳಿಸಿದ ಓದುಗರಿಗೆ ಒಂದು ಕೆಲಸ ಹೇಳಿದೆ: ಬಲಿತ ಅಣಬೆಯ ಟೋಪಿಯನ್ನು ಬಿಳಿ ಹಾಳೆಯ ಮೇಲೆ ಬೋರಲಾಗಿಟ್ಟು, ಬಟ್ಟಲು ಮುಚ್ಚಿ, ರಾತ್ರಿಯಿಡೀ ಬಿಡಿ, ಆಮೇಲೆ ಕೈ ತೊಳೆಯಿರಿ. ಹುತ್ತದ ಅಣಬೆಯಾದರೆ ನಸುಗೆಂಪು ಪುಡಿ ಉದುರಬೇಕು. ಬೆಳಿಗ್ಗೆ ಅವರಿಂದ ಬಂದ ಚಿತ್ರದಲ್ಲಿ, ಚಕ್ರದ ಅರಗಳಂತೆ ಸಾಲುಸಾಲಾಗಿ, ಪಾಚಿಹಸಿರು ಪುಡಿ.